ಕಂಪ್ಯೂಟರೂ ಬೆವರುತ್ತದೆ!

ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಬಾಟಲಿಯ ಮೈ ಎರಡೇ ನಿಮಿಷಕ್ಕೆ ಒದ್ದೆ. ಬೇಸಗೆಯಲ್ಲಿ ಕುಡಿಯುವ ನೀರಿಡುವ ಮಡಕೆಯ ಮೈಯೂ ಒದ್ದೆ. ಎರಡೂ ಒಂದೇ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಅಲ್ಲ ಸ್ವಾಮೀ! ಮಡಕೆಯ ಮೇಲಿನ ನೀರು ಒಳಗಿನಿಂದ ಜಿನುಗಿ ಬಂದದ್ದು. ಬಾಟಲಿಯ ಮೇಲಿನದು ಹೊರಗಿನ ಗಾಳಿಯದ್ದು. ಕಂಪ್ಯೂಟರನ್ನು ವಿಪರೀತ ತಣ್ಣಗೆ ಮಾಡಲು ಹೊರಟವರು ಮೊದಲು ತಿಳಿದಿರಬೇಕಾದದ್ದು ಇದೊಂದನ್ನೇ.

ಕಂಪ್ಯೂಟರನ್ನು ಯಾಕಪ್ಪಾ ಫ್ರಿಜ್ ಮಾಡಬೇಕು ಅಂತೀರಾ? ಪ್ರೊಸೆಸರ್ ತಣ್ಣಗಿದ್ದಷ್ಟೂ ಅದರೊಳಗೆ ಸುಮ್ಮನೆ ಸೋರಿಹೋಗುವ ವಿದ್ಯುತ್ ಕಡಿಮೆ, ಹಾಗಾಗಿ ಇನ್ನಷ್ಟು ಜೋರಾಗಿ ಓಡಿಸಬಹುದು. ಈ ಹುಚ್ಚಿನ ಹೆಸರು ಓವರ್‌ಕ್ಲಾಕಿಂಗ್. −196 ಡಿಗ್ರಿಯ ದ್ರವ ಸಾರಜನಕ ಸುರಿಯುವವರಿದ್ದಾರೆ. 2022ರ ಡಿಸೆಂಬರಿನಲ್ಲಿ ದ್ರವ ಹೀಲಿಯಂ ಬಳಸಿ ಕೋರ್ ಐ9-13900ಕೆ ಪ್ರೊಸೆಸರನ್ನು 9 ಗಿಗಾಹರ್ಟ್ಸ್ ದಾಟಿಸಿದ್ದೂ ಆಯಿತು. ಅದೆಲ್ಲ ದಾಖಲೆಗಾಗಿ ಮಾಡುವ ಸಾಹಸ. ಮನೆಯಲ್ಲಿ ಕೈಗೆಟುಕುವುದು ಪೆಲ್ಟಿಯರ್ ಬಿಲ್ಲೆ. 4 ಸೆಂಟಿಮೀಟರ್ ಚೌಕದ ಪುಟ್ಟ ಸೆರಾಮಿಕ್ ತುಂಡು. 12 ವೋಲ್ಟ್ ಕೊಟ್ಟರೆ ಒಂದು ಮುಖ ಕಾಯುತ್ತದೆ, ಇನ್ನೊಂದು ತಣ್ಣಗಾಗುತ್ತದೆ. ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡ ಗುಣ ಇದು.

ಮಂಗಳೂರಲ್ಲಿರುವ ನನ್ನ ತಂಗಿಯ ಮಗನ ತಲೆಗೆ ಈ ಬಿಲ್ಲೆ ಹೊಕ್ಕಿದ್ದು ಮೇ ತಿಂಗಳ ಕೊನೆಗೆ. ಮದುವೆ ವಿಡಿಯೋ ಎಡಿಟಿಂಗ್ ಮಾಡಿ ತನ್ನ ಕಾಲೇಜು ಖರ್ಚು ತಾನೇ ನೋಡಿಕೊಳ್ಳುವ ಹುಡುಗ. ಕಂಪ್ಯೂಟರ್ ತೆಗೆದುಕೊಟ್ಟದ್ದು ಅವನ ಅಮ್ಮ, ಚೀಟಿ ಎತ್ತಿ. ಅದು ಹಾಳಾದರೆ ಇನ್ನೊಂದಿಲ್ಲ. "ಮಾವ, ರೆಂಡರಿಂಗ್ ಬೇಗ ಆಗ್ತದೆ. ಹಾಕಲಾ?" ಅಂತ ಫೋನು.

ಹಾಕಬೇಡ ಅಂದರೆ ಆ ವಯಸ್ಸಿನವರು ಹಾಕಿಯೇ ಹಾಕುತ್ತಾರೆ. ಹಾಗಾಗಿ ಲೆಕ್ಕಕ್ಕೆ ಕೂರಿಸಿದೆ.

ಗಾಳಿಯನ್ನು ತಣಿಸುತ್ತಾ ಹೋದರೆ ಒಂದು ಹಂತದಲ್ಲಿ ಅದರೊಳಗಿನ ಆವಿ ಹನಿಯಾಗಲು ಶುರುವಾಗುತ್ತದೆ. ಆ ಉಷ್ಣತೆಯೇ ಇಬ್ಬನಿ ಬಿಂದು. ತೇವಾಂಶ ಶೇ. 50ಕ್ಕಿಂತ ಹೆಚ್ಚಿರುವಾಗ ಅಂದಾಜಿಗೆ ಸುಲಭದ ಲೆಕ್ಕ ಒಂದಿದೆ: ತೇವಾಂಶವನ್ನು 100ರಿಂದ ಕಳೆಯಿರಿ, ಉಳಿದದ್ದನ್ನು 5ರಿಂದ ಭಾಗಿಸಿ, ಬಂದದ್ದನ್ನು ಕೋಣೆಯ ಉಷ್ಣತೆಯಿಂದ ಕಳೆಯಿರಿ. ಕೋಣೆ 30 ಡಿಗ್ರಿ, ತೇವಾಂಶ ಶೇ. 80 ಇದ್ದರೆ ಇಬ್ಬನಿ ಬಿಂದು 26. ಅಂದರೆ 25 ಡಿಗ್ರಿಯ ವಸ್ತುವಿನ ಮೇಲೂ ನೀರು ಕೂರುತ್ತದೆ! ಅದೇ ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನ 33 ಡಿಗ್ರಿ, ತೇವಾಂಶ ಶೇ. 25 ಇದ್ದ ದಿನ ಅದು 10ರ ಆಸುಪಾಸು. ಅಲ್ಲಿ 15 ಡಿಗ್ರಿಗೆ ಇಳಿಸಿಯೂ ಒಣಗಿರಬಹುದು. ಬೆಂಗಳೂರಿನ ಗೆಳೆಯ ಮಾಡಿ ಗೆದ್ದ ಅಂತ ಕರಾವಳಿಯಲ್ಲಿ ಮಾಡಲು ಬರುವುದಿಲ್ಲ.

ಮಾಮೂಲಿ ಫ್ಯಾನು ಹಾಕಿದ ಕಂಪ್ಯೂಟರಿಗೆ ಈ ಕಾಟವೇ ಇಲ್ಲ, ಅದು ಕೋಣೆಗಿಂತ ತಣ್ಣಗಾಗುವುದೇ ಇಲ್ಲವಲ್ಲ. ಮಡಕೆಗೂ ಇಲ್ಲ. ಆವಿಯಾಗಿ ತಣಿಯುವ ನೀರು ಇಬ್ಬನಿ ಬಿಂದುವಿನ ಕೆಳಗೆ ಇಳಿಯಲಾರದು. ಆ ಗೆರೆ ದಾಟುವುದು ಫ್ರಿಜ್ಜು, ಏಸಿ, ಪೆಲ್ಟಿಯರ್ ಜಾತಿಯವು.

ಇನ್ನೊಂದು ವಿಚಿತ್ರ ಕೇಳಿ. ನೀರು ಕೂರುವ ಅಪಾಯ ಕಂಪ್ಯೂಟರ್ ಬೆವರಿಳಿಸಿ ದುಡಿಯುವಾಗ ಅಲ್ಲ, ಸುಮ್ಮನಿರುವಾಗ ಹೆಚ್ಚು. ರೆಂಡರಿಂಗ್ ನಡೆಯುವಾಗ ಪ್ರೊಸೆಸರಿನ ಕಾವು ಬಿಲ್ಲೆಯ ತಂಪನ್ನೆಲ್ಲ ನುಂಗುತ್ತದೆ. 12706 ಅಂತ ನಂಬರಿರುವ ಅಗ್ಗದ ಬಿಲ್ಲೆ ಹೆಚ್ಚೆಂದರೆ 50-60 ವಾಟ್ ಕಾವನ್ನಷ್ಟೇ ದಾಟಿಸೀತು. ಇವತ್ತಿನ ದೊಡ್ಡ ಪ್ರೊಸೆಸರುಗಳು 100 ವಾಟನ್ನು ಸಲೀಸಾಗಿ ದಾಟುತ್ತವೆ. ಅಂದರೆ ಬೇಕಾದಾಗ ತಂಪು ಸಾಲದು. ಹುಡುಗ ಊಟಕ್ಕೆ ಎದ್ದು ಹೋದಾಗ ಮಾತ್ರ ಬಿಲ್ಲೆ ಸರ್ರನೆ ಇಳಿದು ನೀರು ಹಿಡಿಯುತ್ತದೆ!

ಅಪ್ಪಟ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ, ನಿಜ. ಆದರೆ ಬೋರ್ಡಿನ ಮೇಲೆ ಧೂಳಿದೆ, ಬೆಸುಗೆಯ ಶೇಷವಿದೆ, ಕಡಲ ಬದಿಯಲ್ಲಿ ಉಪ್ಪೂ ಇದೆ. ಹನಿ ಇವನ್ನು ಕರಗಿಸಿಕೊಂಡ ಮೇಲೆ ಅದು ನೀರಲ್ಲ, ತಂತಿ. ಒಂದೇ ಏಟಿಗೆ ಸುಡದಿದ್ದರೂ ಲೋಹ ನಿಧಾನವಾಗಿ ತಿಂದುಹೋಗುತ್ತದೆ.

ಹಾಗಾದರೆ ತಡೆಯುವುದು ಹೇಗೆ? ಒರೆಸುವುದರಿಂದಂತೂ ಅಲ್ಲ. 12 ಅಡಿಗೆ 10 ಅಡಿ ಕೋಣೆಯ ಅಂಥ ಗಾಳಿಯಲ್ಲಿ ಮುಕ್ಕಾಲು ಲೀಟರಿನಷ್ಟು ನೀರಿರುತ್ತದೆ, ಕಿಟಕಿ ತೆರೆದಿದ್ದರೆ ಅರಬ್ಬೀ ಸಮುದ್ರವೇ ಹಿಂದೆ ನಿಂತಿದೆ :) ತಣ್ಣನೆಯ ಜಾಗಕ್ಕೆ ಗಾಳಿ ತಾಗದಂತೆ ಮಾಡಬೇಕು. ಸ್ಪ್ಲಿಟ್ ಏಸಿಯ ಪೈಪಿಗೆ ಸುತ್ತುತ್ತಾರಲ್ಲ ಕಪ್ಪು ರಬ್ಬರ್ ಫೋಮು, ಅದು ಸರಿ. ಅದರ ಗುಳ್ಳೆಗಳು ಒಂದಕ್ಕೊಂದು ತೆರೆದಿರುವುದಿಲ್ಲ. ಪಾತ್ರೆ ತಿಕ್ಕುವ ಸ್ಪಂಜಿನಂಥದ್ದು ನೀರನ್ನು ಹಿಡಿದಿಟ್ಟು ಬೋರ್ಡಿಗೇ ಉಣಿಸುತ್ತದೆ. ಫೋಮು ಸಾಕಷ್ಟು ದಪ್ಪವಿರಬೇಕು, ಅದರ ಹೊರಮೈ ಇಬ್ಬನಿ ಬಿಂದುವಿಗಿಂತ ಬೆಚ್ಚಗಿರಬೇಕು. ಸಾಕೆಟ್ಟಿನ ಸುತ್ತಲ ಸಂದುಗಳಿಗೆ ವಿದ್ಯುತ್ ಹರಿಯದ ಗ್ರೀಸು. ಬೋರ್ಡಿನ ಹಿಂಬದಿಗೂ ಫೋಮು, ಯಾಕೆಂದರೆ ತಂಪು ತಾಮ್ರದ ಗೆರೆಗಳ ಮೂಲಕ ಅಲ್ಲಿಗೂ ಹೋಗುತ್ತದೆ. ಕ್ಯಾಬಿನೆಟ್ಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಲದೇ ಅಂತ ಕೇಳುವವರಿದ್ದಾರೆ. ಫ್ಯಾನು ಹೊಸ ಗಾಳಿ ಎಳೆಯುತ್ತಿರುವ ಡಬ್ಬದಲ್ಲಿ ಅದು ಹೊಳೆಗೆ ಹುಣಸೆಹಣ್ಣು ಕಿವುಚಿದಂತೆ.

ಇಷ್ಟೆಲ್ಲ ಕೇಳಿ ಹುಡುಗ "ಮಾಡ್ತೇನೆ" ಅಂದ. ಸರಿ, ಕಂಪ್ಯೂಟರ್ ಮುಟ್ಟದೆ ಮಾಡು ಅಂದೆ. ಜೂನ್ ಮೊದಲ ಮಳೆ ಬಂದ ವಾರ, ಒಂದು ಅಲ್ಯೂಮಿನಿಯಂ ತಗಡಿಗೆ ಬಿಲ್ಲೆ ಕೂರಿಸಿ, ಹಿಂದೆ ಹಳೇ ಹೀಟ್‌ಸಿಂಕು ಫ್ಯಾನು ಕಟ್ಟಿ, ಫೋಮು ಮೆತ್ತಿ ಎರಡು ಗಂಟೆ ಓಡಿಸಿದ. ಆಮೇಲೆ ಬಿಚ್ಚಿ ವಿಡಿಯೋ ಕಾಲ್ ಮಾಡಿ ತೋರಿಸಿದ. ಫೋಮು ಒತ್ತಾಗಿ ಕೂತಲ್ಲೆಲ್ಲ ಒಣ. ವೈರು ಹೊರಬರುವ ಮೂಲೆಯಲ್ಲಿ ಮಾತ್ರ ನೀರು ನಿಂತಿತ್ತು.

"ಒಂದು ಮೂಲೆ ಅಲ್ವಾ ಮಾವ?"

"ಬೋರ್ಡ್ ಹೋಗ್ಲಿಕ್ಕೆ ಒಂದು ಮೂಲೆ ಸಾಕು ಮಾರಾಯಾ."

ಸುಮ್ಮನಾದ. ಅಮ್ಮನ ಚೀಟಿ ನೆನಪಾಗಿರಬೇಕು. ಆಮೇಲೆ ಒಂದು ದೊಡ್ಡ ಏರ್ ಕೂಲರ್ ಹಾಕಿಸಿಕೊಂಡ, ಬಿಲ್ಲೆಯ ಆಟಕ್ಕೆ ಗುಜರಿಯಿಂದ ಹಳೇ ಬೋರ್ಡ್ ತಂದಿಟ್ಟುಕೊಂಡಿದ್ದಾನೆ. ಅದರ ಮೇಲೆ ಏನು ಬೇಕಾದರೂ ಮಾಡಲಿ.

ಅಂದ ಹಾಗೆ, ಇಂಟೆಲ್ ಕಂಪನಿಯೇ 2020ರಲ್ಲಿ ಕ್ರಯೋ ಕೂಲಿಂಗ್ ಅಂತ ಪೆಲ್ಟಿಯರ್ ವ್ಯವಸ್ಥೆ ತಂದಿತ್ತು. ಅದು ನೀರು ತಡೆಯುತ್ತಿದ್ದ ಮುಖ್ಯ ಉಪಾಯವೇನು ಗೊತ್ತೇ? ಕೋಣೆಯ ಉಷ್ಣತೆ, ತೇವಾಂಶ ಅಳೆದು, ಇಬ್ಬನಿ ಬಿಂದುವಿನ ಮೇಲೆಯೇ ನಿಲ್ಲುವುದು! 2023ರಲ್ಲಿ ಅದನ್ನೂ ಕೈಬಿಟ್ಟರು. ಆ ಗೆರೆಯನ್ನು ಕೆಳಕ್ಕೆ ತಳ್ಳಬೇಕೆಂದರೆ ಕೋಣೆಯನ್ನೇ ಒಣಗಿಸಬೇಕು. 24 ಡಿಗ್ರಿ, ಶೇ. 50 ತೇವಾಂಶದ ಏಸಿ ಕೋಣೆಯಲ್ಲಿ ಇಬ್ಬನಿ ಬಿಂದು 13ರ ಹತ್ತಿರ. ಏಸಿಯ ಪೈಪಿನಿಂದ ಹೊರಗೆ ತೊಟ್ಟಿಕ್ಕುವ ನೀರು ನಿಮ್ಮ ಬೋರ್ಡಿನ ಮೇಲೆ ಕೂರಬೇಕಾಗಿದ್ದದ್ದೇ. ಆದರೆ ಕರೆಂಟು ಹೋಗಿ ಕಿಟಕಿ ತೆರೆದಿರೋ, ಲೆಕ್ಕ ಮತ್ತೆ ಮೊದಲಿನಿಂದ. ನಮ್ಮ ಮಳೆಗಾಲದಲ್ಲಿ ಕರೆಂಟನ್ನು ನಂಬುವವರು ಯಾರು?

ಒಂದು ಸಣ್ಣ ತೇವಮಾಪಕ ಗೋಡೆಗೆ ಹಾಕಿ ನೋಡಿ, ಮೇಲಿನ ಲೆಕ್ಕ ಮಾಡಿ. ನಿಮ್ಮ ಕೋಣೆಯ ಇಬ್ಬನಿ ಬಿಂದು ಇವತ್ತು ಎಷ್ಟು?