ಕಿಡಿ ಹಾರುವ ಹೊತ್ತು

ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿಯೇ ಹೇಳಿಹೋಗಿದ್ದಾನೆ. ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟರೆ ಯಾರು ತಾನೆ ನಗುವುದಿಲ್ಲ ಎಂದು ಅವನ ಪ್ರಶ್ನೆ. ಈ ಮಾತನ್ನು ಬಿ.ಎ. ತರಗತಿಗೆ ವರ್ಷ ವರ್ಷವೂ ಪಾಠ ಹೇಳುತ್ತ ಬಂದಿದ್ದೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ನಾನು ಮುಂದಿನ ಪುಟ ತಿರುವುತ್ತೇನೆ. ಈಚೆಗೆ ಆ ಸೂತ್ರಕ್ಕೊಂದು ಹೊಸ ಭಾಷ್ಯ ದೊರೆಯಿತು. ಭಾಷ್ಯಕಾರರು ಸಿಂಧನೂರಿನ ಒಬ್ಬ ವೃದ್ಧ ಮೆಕ್ಯಾನಿಕ್ಕರು. ಗ್ರಂಥ ನನ್ನ ಹಳೆಯ ಕಾರು.

ಕಾರು ಎಂದೊಡನೆ ವಾಚಕರು ಹುಬ್ಬೇರಿಸಬೇಕಾಗಿಲ್ಲ. ಅದು ಐವತ್ತು ದಾಟಿದ ಫೋಕ್ಸ್‌ವ್ಯಾಗನ್ ಬೀಟಲ್. ವಯಸ್ಸಿನಲ್ಲಿ ನನಗಿಂತ ಹಿರಿದು. ಫರ್ಡಿನೆಂಡ್ ಪೋರ್ಷೆ ರೂಪಿಸಿದ ಈ ಜಾತಿಯ ಕೊನೆಯ ಕಾರು ಮೆಕ್ಸಿಕೋ ದೇಶದ ಪ್ಯೂಬ್ಲಾ ಕಾರ್ಖಾನೆಯಿಂದ 2003ರ ಜುಲೈ 30ರಂದು ಹೊರಬಿತ್ತು. ಬಹುತೇಕ ಕಾರುಗಳಿಗೆ ಎಂಜಿನ್ ಮುಂದಿದ್ದರೆ ಇದಕ್ಕೆ ಹಿಂದೆ. ಇದಕ್ಕೆ ರೇಡಿಯೇಟರೂ ಇಲ್ಲ, ನೀರೂ ಬೇಡ. ಫ್ಯಾನು ಬೀಸುವ ಗಾಳಿಯೇ ಎಂಜಿನ್ನನ್ನು ತಣಿಸಬೇಕು. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ರಾಯಚೂರು ಸೀಮೆಯಲ್ಲಿ ನೀರು ಬೇಡದೆ ಬದುಕುವ ಪ್ರಾಣಿಯೊಂದಿದೆಯೆಂದರೆ ಅದಕ್ಕೆ ಕೈಮುಗಿಯಬೇಕು.

ನನ್ನ ಮನೆ ಸಿಂಧನೂರು, ಕಾಲೇಜು ಲಿಂಗಸುಗೂರು. ನಡುವೆ ಮಸ್ಕಿ. ಸಿಂಧನೂರಿನ ಸುತ್ತ ತುಂಗಭದ್ರೆಯ ಎಡದಂಡೆ ಕಾಲುವೆಯ ಹಸಿರು ಭತ್ತ. ಮಸ್ಕಿ ಬಂತೆಂದರೆ ಕಲ್ಲುಗುಡ್ಡ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅದನ್ನು ಕಂಡ ಮೇಲೆಯೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾದದ್ದು. ಎರಡು ಸಾವಿರದ ಇನ್ನೂರು ವರ್ಷಗಳಿಂದ ಅಲುಗದೆ ಕುಳಿತಿರುವ ಬಂಡೆಯ ಊರಿನಲ್ಲಿ ನನ್ನ ಕಾರೂ ಅದನ್ನೇ ಅನುಕರಿಸತೊಡಗಿತು.

ರೋಗದ ಲಕ್ಷಣ ಇಷ್ಟೆ. ನಿಂತ ಕಾರನ್ನು ಹೊರಡಿಸಲು ಆಕ್ಸಿಲರೇಟರ್ ಒತ್ತಿದರೆ ಅದು ಅರೆಕ್ಷಣ ತೊದಲುತ್ತಿತ್ತು. ಭಾಷಣಕ್ಕೆ ಎದ್ದು ನಿಂತವರು ಮೊದಲ ಮಾತು ಮರೆತಂತೆ. ಆಮೇಲೆ ಸರಿಹೋಗುತ್ತಿತ್ತು. ಆದರೆ ಹೆದ್ದಾರಿಯಲ್ಲಿ ಅರೆಕ್ಷಣವೆಂಬುದು ಸಣ್ಣ ಕಾಲವಲ್ಲ. ಒಂದು ಬೆಳಿಗ್ಗೆ ಮಸ್ಕಿಯಲ್ಲಿ ರಸ್ತೆ ದಾಟುತ್ತಿದ್ದಾಗ ಭತ್ತದ ಲಾರಿಯೊಂದು ಬರುತ್ತಿತ್ತು. ಕಾರು ನಡುರಸ್ತೆಯಲ್ಲಿ ತೊದಲಿತು. ಪಕ್ಕದಲ್ಲಿ ಲಿಂಗಸುಗೂರಿನಲ್ಲಿ ಪಿ.ಯು.ಸಿ. ಓದುತ್ತಿರುವ ಮಗಳು. ಲಾರಿಯಾತ ಬ್ರೇಕು ಹಾಕಿ ಪುಣ್ಯ ಕಟ್ಟಿಕೊಂಡ. ಸಂಜೆ ಮನೆಯಲ್ಲಿ ಮಗಳು ವರದಿ ಒಪ್ಪಿಸಿದಳು, ಮನೆಯಾಕೆ ಎರಡೇ ಮಾತಿನಲ್ಲಿ ತೀರ್ಪು ಕೊಟ್ಟಳು: “ಅದು ನೆಟ್ಟಗಾಗಬೇಕ್ರಿ, ಇಲ್ಲಾ ಮನೀ ಬಿಡಬೇಕು.” ಕಾರನ್ನು ಕುರಿತು ಹೇಳಿದ್ದೆಂದೇ ನಾನು ಭಾವಿಸಿದೆ.

ಬಲ್ಲವರೆಲ್ಲ ಕಾರ್ಬ್ಯುರೇಟರನ್ನೇ ದೂರಿದರು. ಜೆಟ್ ಬದಲಿಸಿ, ತೊಳೆಸಿ ನೋಡಿದ್ದಾಯಿತು. ತೊದಲು ಹೋಗಲಿಲ್ಲ. ಕಡೆಗೆ ಸಿಂಧನೂರಿನ ಆ ವೃದ್ಧರು ಹಿಂದಿನ ಮುಚ್ಚಳ ಎತ್ತಿ, ಡಿಸ್ಟ್ರಿಬ್ಯೂಟರನ್ನು ಬೆರಳಿನಿಂದ ತಟ್ಟಿ ಹೇಳಿದರು: “ಸರ, ಇದು ಕಂಪನಿ ಕೂಡಿಸಿದ್ದಲ್ರೀ. ಹಿಂದ ಯಾರೋ ಬದಲಿ ಹಾಕ್ಯಾರ. ಇದಕ್ಕ ಸ್ಪೀಡ್ ಅಷ್ಟ ತಿಳಿತೈತಿ, ಲೋಡ್ ತಿಳಿಯಂಗಿಲ್ಲ. ಅಂಬಾಸಿಡರದಾಗ ಒಂದು ಡಬ್ಬಿ ಇರ್ತಿತ್ತಲ್ರೀ, ಅಂಥಾದ್ದು ಇರೋದು ಹಾಕಸ್ರಿ.”

ಈ ‘ಡಬ್ಬಿ’ಯ ಮಹಿಮೆ ತಿಳಿಯಬೇಕಾದರೆ ಕಿಡಿಯ ಕೆಲಸ ತಿಳಿಯಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿ ಹಾರಬೇಕು. ಪೆಟ್ರೋಲು ಕಿಡಿ ತಾಗಿದೊಡನೆ ಢಂ ಎನ್ನುವುದಿಲ್ಲ. ಉರಿ ಹರಡಲು ಕೊಂಚ ಹೊತ್ತು ಬೇಕು. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮುನ್ನವೇ ಕಿಡಿ ಹಾರಿಸಬೇಕು. ವೇಗ ಹೆಚ್ಚಿದಂತೆ ಇನ್ನೂ ಮುಂಚೆ. ಈ ವೇಗದ ಲೆಕ್ಕವನ್ನು ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ಎರಡು ಪುಟ್ಟ ತೂಕದ ತುಂಡುಗಳು ಮಾಡುತ್ತವೆ. ಸುತ್ತು ಹೆಚ್ಚಿದಂತೆ ಹೊರಕ್ಕೆ ಚಾಚಿ ಕಿಡಿಯನ್ನು ಇನ್ನಷ್ಟು ಮುಂಚೆ ಹಾರಿಸುತ್ತವೆ.

ಆದರೆ ವೇಗವೊಂದೇ ಸಾಲದು. ಸಮನಾದ ರಸ್ತೆಯಲ್ಲಿ ಹಗುರಾಗಿ ಸಾಗುವಾಗ ಸಿಲಿಂಡರಿಗೆ ಸೇರುವ ಗಾಳಿ-ಪೆಟ್ರೋಲು ಕಡಮೆ. ಅದು ನಿಧಾನವಾಗಿ ಉರಿಯುತ್ತದೆ. ಹಾಗಾಗಿ ಕಿಡಿ ಇನ್ನಷ್ಟು ಮೊದಲೇ ಬೇಕು. ದಿಬ್ಬ ಹತ್ತುವಾಗ ಪೂರ್ತಿ ಒತ್ತಿದರೆ ಸಿಲಿಂಡರು ತುಂಬಿಬರುತ್ತದೆ, ಉರಿ ಬೇಗ ಹರಡುತ್ತದೆ. ಆಗಲೂ ಕಿಡಿ ಅಷ್ಟು ಮುಂಚೆ ಹಾರಿದರೆ ಎಂಜಿನ್ ಕಟಕಟ ಬಡಿದುಕೊಳ್ಳುತ್ತದೆ. ಹೊರೆಯ ಈ ಸುದ್ದಿಯನ್ನು ತರುವುದೇ ಡಬ್ಬಿ. ಕಾರ್ಬ್ಯುರೇಟರಿನಿಂದ ಒಂದು ಸಣ್ಣ ನಳಿಗೆ ಅದಕ್ಕೆ ಬರುತ್ತದೆ. ಥ್ರಾಟಲ್ ಸ್ವಲ್ಪ ತೆರೆದೊಡನೆ ಎಂಜಿನ್ನಿನ ಎಳೆತ ನಳಿಗೆಯ ಮೂಲಕ ಡಬ್ಬಿಯೊಳಗಿನ ತೆಳುಪೊರೆಯನ್ನು ಸೆಳೆಯುತ್ತದೆ. ಪೊರೆ ಪಾಯಿಂಟಿನ ತಟ್ಟೆಯನ್ನು ಸರಿಸಿ ಕಿಡಿಯನ್ನು ಮುಂದಕ್ಕೆ ತರುತ್ತದೆ. ಪೂರ್ತಿ ಒತ್ತಿದರೆ ಎಳೆತ ಕುಸಿದು ತಟ್ಟೆ ಹಿಂದೆ ಸರಿಯುತ್ತದೆ. ಇದಕ್ಕೇ ವ್ಯಾಕ್ಯೂಮ್ ಅಡ್ವಾನ್ಸ್ ಎಂದು ಹೆಸರು. ನನ್ನ ಕಾರಿಗೆ ತೂಕದ ತುಂಡುಗಳಿದ್ದವು, ಡಬ್ಬಿಯಿರಲಿಲ್ಲ. ಹೊರಡುವ ಘಳಿಗೆಯಲ್ಲಿ ವೇಗವಿನ್ನೂ ಹುಟ್ಟಿರುವುದಿಲ್ಲ. ತುಂಡುಗಳಿಗೆ ಸುದ್ದಿಯೇ ಮುಟ್ಟದು. ತೊದಲಿನ ಮೂಲ ಅದು.

ತೂಕ ಮತ್ತು ಡಬ್ಬಿ ಎರಡೂ ಇರುವ ಡಿಸ್ಟ್ರಿಬ್ಯೂಟರನ್ನು ಹೊರಗಿನಿಂದ ತರಿಸಿದೆ. ಸ್ನೇಹಿತರೊಬ್ಬರು, ನಳಿಗೆ ಹೆಚ್ಚಿದಷ್ಟೂ ರಿಪೇರಿ ಹೆಚ್ಚು ಎಂದು ಎಚ್ಚರಿಸಿದರು. ಮಾತು ಸುಳ್ಳಲ್ಲ: ನಳಿಗೆ ಸೀಳಿದರೆ ಡಬ್ಬಿ ಕಿವುಡಾಗುತ್ತದೆ. ವೃದ್ಧರು ಮೊದಲು ಒಂದನೆಯ ಸಿಲಿಂಡರಿನ ಗುರುತಿಗೆ ರೋಟರನ್ನು ತಿರುಗಿಸಿ ನಿಲ್ಲಿಸಿ, ಹಳೆಯದನ್ನು ಕಳಚಿ, ಹೊಸದನ್ನು ಇಳಿಸಿದರು. ಪಾಯಿಂಟಿನ ಸಂದು 0.4 ಮಿಲಿಮೀಟರ್. ನಳಿಗೆ ಬಿಚ್ಚಿ ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು, ತುದಿಗೆ ಏಳೂವರೆ ಡಿಗ್ರಿ ಮುಂಚೆ ಕಿಡಿ ಬರುವಂತೆ ಹೊಂದಿಸಿದರು. ಆಮೇಲೆ ವೇಗವೇರಿಸಿ, ಮೂವತ್ತೆರಡು ಡಿಗ್ರಿ ಮೀರದಂತೆ ನೋಡಿಕೊಂಡರು. “ಇದು ಗಾಳಿ ಎಂಜಿನ್ರಿ ಸರ. ಹೆಚ್ಚಿಗಿ ಆತಂದ್ರ ಮೂರನೇ ಸಿಲಿಂಡರ್ ಮೊದಲ ಸುಡತೈತಿ” ಎಂದರು. ಲೈಟು ಆರಿಸಿದ ಮೇಲೂ ಕಣ್ಣುಮುಚ್ಚಿ ಒಂದು ನಿಮಿಷ ಆಲಿಸಿದರು. ಯಂತ್ರದ ಅಳತೆಗೆ ಕಿವಿಯ ರುಜು ಬೀಳದೆ ಅವರಿಗೆ ಸಮಾಧಾನವಿಲ್ಲ. ಆ ಕಿವಿಯ ವಿದ್ಯೆಗೆ ಶಿಷ್ಯರಿಲ್ಲ. ಅಂಗಡಿಯ ಹುಡುಗರಿಗೆ ಬೈಕಿನ ಕೆಲಸವೇ ಸಾಕಾಗಿದೆ.

ಈಗ ಮಸ್ಕಿಯಲ್ಲಿ ಕಾರು ಒತ್ತಿದೊಡನೆ ಹೊರಡುತ್ತದೆ. ಲಿಂಗಸುಗೂರಿನವರೆಗೆ ಹಗುರಾಗಿ ಸಾಗುವಾಗ ಎಂಜಿನ್ನಿನ ದನಿಯೇ ಮೆತ್ತಗಾಗಿದೆ. ಮನೆಯಾಕೆ ತೀರ್ಪನ್ನು ಹಿಂತೆಗೆದುಕೊಂಡಿಲ್ಲ, ಜಾರಿಯನ್ನು ಮುಂದೂಡಿದ್ದಾಳೆ.

ತೆಗೆದ ಡಿಸ್ಟ್ರಿಬ್ಯೂಟರನ್ನು ಗುಜರಿಗೆ ಹಾಕಲು ಹೊರಟಾಗ ವೃದ್ಧರು ತಡೆದರು: “ಅದೇನು ಕೆಟ್ಟದ್ದಲ್ರೀ. ಒಂದ ಸ್ಪೀಡಿಗೆ ನಿಂತಲ್ಲೇ ದುಡಿಯೋ ಎಂಜಿನ್ನಿಗೆ ಭೇಷ್ ಆಕ್ಕೈತಿ.” ಡಾಬೂ ಒಳ್ಳೆಯದೇ, ಹಾರವೂ ಒಳ್ಳೆಯದೇ; ಕ್ಷೇಮೇಂದ್ರ ಹೇಳಿದ್ದು ಬೇರೇನು?

ನನ್ನ ತರಗತಿಯಲ್ಲಿ ಮಸ್ಕಿಯಿಂದ ಬಸ್ಸಿನಲ್ಲಿ ನಿಂತೇ ಬರುವವರಿದ್ದಾರೆ. ನಾಟಿಯ ಕಾಲದಲ್ಲಿ ಗದ್ದೆಗಿಳಿದು ಬೆನ್ನು ಬಗ್ಗಿಸಿ, ಮರುದಿನ ಬೆಂಚಿನ ಮೇಲೆ ತೂಕಡಿಸುವ ಹುಡುಗಿಯರಿದ್ದಾರೆ. ಪಾಠಪಟ್ಟಿಗೆ ತಿಳಿಯುವುದು ವೇಗ ಮಾತ್ರ: ಇಷ್ಟು ವಾರಕ್ಕೆ ಇಷ್ಟು ಅಧ್ಯಾಯ. ಯಾರ ಮೇಲೆ ಎಷ್ಟು ಹೊರೆಯೆಂಬ ಸುದ್ದಿ ಅದಕ್ಕೆ ಬರುವ ನಳಿಗೆಯಿಲ್ಲ. ಆ ನಳಿಗೆಯ ಕೆಲಸ ಮೇಷ್ಟರದು. ಮೊನ್ನೆ ಹಾಜರಿ ಕೂಗುವಾಗ, ಪುಸ್ತಕ ತೆರೆಯುವ ಮುನ್ನ, ಯಾರು ಯಾರು ಗದ್ದೆಯಿಂದ ಬಂದಿದ್ದೀರಿ ಎಂದು ಕೇಳಿದೆ. ಹನ್ನೊಂದು ಕೈ ಎದ್ದವು.