ನಿಲ್ಲುವ ಗಾಡಿ

2024 ಫೆಬ್ರವರಿ 3, ಶನಿವಾರ, ಕೇಂಬ್ರಿಜ್

ಸ್ನೆಟರ್ಟನ್ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಲು ಹೆಸರು ಕೊಟ್ಟು ದುಡ್ಡೂ ಕಟ್ಟಿದೆ. ಏಪ್ರಿಲ್ 26, ಶುಕ್ರವಾರ. ಕೈಯಲ್ಲಿ ಹನ್ನೆರಡು ವಾರ ಇದೆ.

ಕಳೆದ ಸೆಪ್ಟೆಂಬರಿನದು ಇನ್ನೂ ಬಲಗಾಲಿನಲ್ಲೇ ಕೂತಿದೆ. ಅದೇ ಟ್ರ್ಯಾಕಿನ ಬೆಂಟ್ಲಿ ಸ್ಟ್ರೇಟ್ ಮುಗಿಯುವಲ್ಲಿ, ನೂರು ಮೈಲಿ ವೇಗದಲ್ಲಿ ಬಂದು ಬ್ರಂಡಲ್ ತಿರುವಿಗೆ ಬ್ರೇಕ್ ತುಳಿದೆ. ಪೆಡಲ್ ಹತ್ತಿ ದಿಂಬು ಅದುಮಿದ ಹಾಗೆ ಕೆಳಗಿಳಿಯಿತು. ಎರಡು ಸಲ ಪಂಪ್ ಮಾಡುವಷ್ಟರಲ್ಲಿ ಟಾರು ಮುಗಿದು ಹುಲ್ಲಿನಲ್ಲಿದ್ದೆ. ನನಗಾಗಲಿ ಕಾರಿಗಾಗಲಿ ಏನೂ ಆಗಲಿಲ್ಲ. ಬ್ರೇಕ್ ಆಯಿಲ್ ಬದಲಾಯಿಸದೆ ಎಷ್ಟು ವರ್ಷ ಆಗಿತ್ತೋ, ಕೊಂಡ ಮೇಲೆ ನಾನಂತೂ ಮುಟ್ಟಿರಲಿಲ್ಲ. ಈ ಸಲದ ಕೆಲಸವೆಲ್ಲ ಆ ಒಂದು ಪೆಡಲಿನಿಂದಲೇ ಶುರು.

ಕಾರು 1992ರ ಮಜ್ದಾ ಎಂಎಕ್ಸ್-5, 1.6 ಲೀಟರ್, ಕೆಂಪು ಬಣ್ಣ. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಕಣ್ಣು ಬಿಟ್ಟು ಮುಚ್ಚುವ ಹೆಡ್‌ಲೈಟಿನ ಆ ಪುಟ್ಟ ಗಾಡಿ. ತೂಕ ಒಂದು ಟನ್ನಿಗೂ ಕಡಿಮೆ. ಶಕ್ತಿ 115 ಕುದುರೆಗಳದು ಅಷ್ಟೇ; ಇವತ್ತಿನ ಮಾಮೂಲಿ ಫ್ಯಾಮಿಲಿ ಕಾರುಗಳಲ್ಲೂ ಅದಕ್ಕಿಂತ ಹೆಚ್ಚಿರುತ್ತದೆ. ಆದರೆ ಹಗುರವಾದ ಕಾರು ಟೈರು ತಿನ್ನುವುದಿಲ್ಲ, ಬ್ರೇಕಿಗೆ ಹೊರೆಯಾಗುವುದಿಲ್ಲ, ತಪ್ಪು ಮಾಡಿದರೆ ಮೊದಲೇ ಹೇಳುತ್ತದೆ. ಮಜ್ದಾದ ಎಂಜಿನಿಯರ್ ಹಿರಾಯ್ ಅವರ ತಂಡ ಇದನ್ನು ಕಟ್ಟುವಾಗ ಮುಂದಿಟ್ಟುಕೊಂಡಿದ್ದ ಮಾತು ಜಿನ್ಬಾ ಇತ್ತಾಯ್: ಕುದುರೆ ಮತ್ತು ಸವಾರ ಒಂದೇ ದೇಹ. ನಾಲ್ಕು ಚಕ್ರಕ್ಕೂ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಕೊಟ್ಟಿದ್ದು ಆ ಮಾತು ಬರೀ ಮಾತಾಗಬಾರದು ಅಂತಲೇ.

ಇವತ್ತು ತುಕ್ಕು ನೋಡಿದೆ. ಈ ದೇಶದಲ್ಲಿ ಚಳಿಗಾಲವೆಲ್ಲ ರಸ್ತೆಗೆ ಉಪ್ಪು ಸುರಿಯುತ್ತಾರೆ. ಈ ಕಾರು ತುಕ್ಕು ಹಿಡಿಯುವುದು ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಪಟ್ಟಿಯಲ್ಲಿ. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದೆ. ಟಣ್, ಟಣ್, ಟಣ್, ಆಮೇಲೆ ಒಂದು ಕಡೆ ಹಲಸಿನ ಹಣ್ಣಿಗೆ ತಟ್ಟಿದ ಹಾಗೆ ದಪ್ ಎಂದಿತು. ಎಡಗಡೆ, ಅಂಗೈಯಗಲ. ಸೀಟಿನ ಹಿಂದೆ ಮಡಚುವ ಚಾವಣಿಯಿಂದ ನೀರು ಇಳಿಯಲು ಎರಡು ಸಣ್ಣ ತೂತುಗಳಿವೆ. ಅವು ಕಟ್ಟಿಕೊಂಡರೆ ನೀರು ಹೋಗಿ ನಿಲ್ಲುವುದು ಇದೇ ಪಟ್ಟಿಯೊಳಗೆ. ತಂತಿ ಹಾಕಿ ಎಳೆದರೆ ಕೊಳೆತ ಎಲೆ, ಕಪ್ಪು ಮಣ್ಣು ಮುಷ್ಟಿ ತುಂಬ ಬಂತು. ವೆಲ್ಡಿಂಗಿಗೆ ಕೊಡಲೇಬೇಕು. ತುಕ್ಕು ಹಿಡಿದ ಮೈಯ ಮೇಲೆ ಬೇರೆ ಏನು ಮಾಡಿಸಿದರೂ ದಂಡ.

ಫೆಬ್ರವರಿ 18, ಭಾನುವಾರ

ವೆಲ್ಡಿಂಗ್ ಆಗಿ ಬಂತು, ಅಚ್ಚುಕಟ್ಟಾಗಿದೆ. ಇವತ್ತು ರೇಡಿಯೇಟರ್.

ಈ ಕಾರಿನ ರೇಡಿಯೇಟರಿನ ಮೇಲ್ಭಾಗ ಪ್ಲಾಸ್ಟಿಕ್ಕು. ಹೊಸತರಲ್ಲಿ ಕರ್ರಗಿರುತ್ತದೆ. ಶಾಖ ತಿಂದು ತಿಂದು ಕಂದುಬಣ್ಣಕ್ಕೆ ತಿರುಗಿತು ಅಂದರೆ ಆಯಸ್ಸು ಮುಗಿಯಿತು ಅಂತ. ನನ್ನದು ಹಳೇ ಬೆಲ್ಲದ ಬಣ್ಣಕ್ಕೆ ಬಂದಿತ್ತು. ಉಗುರು ಒತ್ತಿದರೆ ಗೀರು ಬೀಳುತ್ತಿತ್ತು. ರಸ್ತೆಯಲ್ಲಿ ಇನ್ನೊಂದು ವರ್ಷ ತಳ್ಳಬಹುದಿತ್ತೇನೋ. ಟ್ರ್ಯಾಕಿನಲ್ಲಿ ಅದು ಒಡೆದರೆ ನೀರೆಲ್ಲ ನನ್ನದೇ ಹಿಂದಿನ ಟೈರಿನ ಕೆಳಗೆ, ಆಮೇಲೆ ಹಿಂದೆ ಬರುವವರ ಟೈರಿನ ಕೆಳಗೆ.

ಈ ಎಂಜಿನ್ ಮೂಲತಃ ಮುಂದಿನ ಚಕ್ರ ಎಳೆಯುವ ಕಾರಿನ ವಂಶದ್ದು. ಅದನ್ನು ಇಲ್ಲಿ ಉದ್ದುದ್ದ ಕೂರಿಸಿದ್ದಾರೆ. ನೀರು ಒಳಗೆ ಹೋಗುವುದೂ ಮುಂದೆಯೇ, ಹೊರಗೆ ಬರುವುದೂ ಮುಂದೆಯೇ. ಹಾಗಾಗಿ ಎಲ್ಲಕ್ಕಿಂತ ಹಿಂದಿರುವ ನಾಲ್ಕನೇ ಸಿಲಿಂಡರಿಗೆ ತಂಪು ಕಡಿಮೆ. ಎಂಜಿನ್ನಿನ ಶಕ್ತಿ ಹೆಚ್ಚಿಸುವವರು ನೀರಿನ ದಾರಿಯನ್ನೇ ಬದಲಿಸುತ್ತಾರೆ. ನನಗೆ ಒಳ್ಳೆಯ ರೇಡಿಯೇಟರ್, ಹೊಸ ಹೋಸುಗಳು, ಹೊಸ ಥರ್ಮೋಸ್ಟಾಟ್ ಸಾಕು.

ಜೊತೆಗೇ ಟೈಮಿಂಗ್ ಬೆಲ್ಟ್. 60,000 ಮೈಲಿಗೊಮ್ಮೆ ಹಾಕಬೇಕಾದದ್ದು. ಹಳೇ ರಸೀದಿಗಳಲ್ಲಿ ಅದರ ಸುದ್ದಿಯೇ ಇಲ್ಲ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೂ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುವುದಿಲ್ಲ, ಅದೊಂದು ಪುಣ್ಯ. ಮೊದಮೊದಲ ಕಾರುಗಳಲ್ಲಿ ಕ್ರ್ಯಾಂಕಿನ ಮೂತಿ ಗಿಡ್ಡವಾಗಿ, ಪುಲ್ಲಿ ಸಡಿಲಾಗಿ ಎಂಜಿನ್ನೇ ಹಾಳಾಗುವ ತೊಂದರೆ ಇತ್ತು. ಪುಲ್ಲಿಯ ನಡುವೆ ನಾಲ್ಕು ಸೀಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಟಾರ್ಚ್ ಹಿಡಿದು ಎರಡೆರಡು ಸಲ ಎಣಿಸಿದೆ. ಎಂಟು.

ಮಾರ್ಚ್ 2, ಶನಿವಾರ

ಬ್ರೇಕಿನ ದಿನ.

ಹಾಸನಕ್ಕೆ ಫೋನ್ ಮಾಡಿದ್ದೆ. ಅಪ್ಪ ಸರ್ಕಾರಿ ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ವಿಡಿಯೋದಲ್ಲಿ ಕಾರಿನ ಚಕ್ರ ತೋರಿಸು ಅಂದರು. ಬಸ್ಸಿಗೆ ಗಾಳಿ ಬ್ರೇಕು, ನನ್ನದಕ್ಕೆ ಆಯಿಲು. ಆದರೂ ಶಾಖದ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದಿಲ್ಲ. “ಶಿರಾಡಿ ಘಾಟಿ ಇಳ್ದು ಬಂದ ಬಸ್ಸಿನ ಹತ್ರ ಹೋದ್ರೆ ಲೈನರ್ ಸುಟ್ಟ ವಾಸ್ನೆ ಮೂಗಿಗೆ ಹೊಡೆಯೋದು ಕಣಮ್ಮ. ಒಳ್ಳೆ ಡ್ರೈವರ್ ತಂದ ಗಾಡಿಲಿ ಆ ವಾಸ್ನೆ ಇರ್ತಿರ್ಲಿಲ್ಲ. ಅವ್ನು ಗೇರಲ್ಲಿ ಇಳಿಸ್ತಿದ್ದ. ನೀನು ಮೊದ್ಲು ನಿಲ್ಲೋದು ನೋಡ್ಕೊ, ಓಡೋದು ತಾನಾಗೇ ಓಡ್ತದೆ.”

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ. ಆಯಿಲ್ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದಕ್ಕೇ ಹೋಗುತ್ತದೆ, ಪ್ಯಾಡಿಗೆ ಏನೂ ಮುಟ್ಟುವುದಿಲ್ಲ. ಸೆಪ್ಟೆಂಬರಿನಲ್ಲಿ ಆದದ್ದು ಇಷ್ಟೇ. ಈಗ ತರಿಸಿರುವುದು ರೇಸಿಗೆಂದೇ ಮಾಡಿದ ಆಯಿಲ್. ಹೊಸದರಲ್ಲಿ ಕುದಿಯುವುದು 300 ಡಿಗ್ರಿ ದಾಟಿದ ಮೇಲೆ.

ಮಗಳು ಪೆಡಲಿನ ಮೇಲೆ, ನಾನು ಕಾರಿನ ಕೆಳಗೆ. ಸ್ಟೀರಿಂಗ್ ಬಲಗಡೆ ಇರುವುದರಿಂದ ಎಡ ಹಿಂದಿನ ಚಕ್ರವೇ ಎಲ್ಲಕ್ಕಿಂತ ದೂರ, ಅಲ್ಲಿಂದ ಶುರು. “ಒತ್ತು.” “ಒತ್ತಿದೀನಿ ಅಮ್ಮಾ.” ನಿಪ್ಪಲ್ ಕಾಲು ಸುತ್ತು ಬಿಚ್ಚುವುದು, ಪೈಪಿನಲ್ಲಿ ಆಯಿಲ್ ಇಳಿಯುವುದು, ಬಿಗಿಯುವುದು. “ಈಗ ಬಿಡು.” ಮೊದಲು ಬಂದದ್ದು ಕಷಾಯದ ಬಣ್ಣದ್ದು, ಸಾಸಿವೆ ಕಾಳಿನಷ್ಟು ಗುಳ್ಳೆಗಳ ಜೊತೆ. ಹತ್ತು, ಹದಿನೈದು ಸಲ ಒತ್ತಿದ ಮೇಲೆ ಬಣ್ಣ ತಿಳಿಯಾಗುತ್ತಾ ಬಂದು ಕೊನೆಗೆ ಎಳ್ಳೆಣ್ಣೆಯಂಥ ಹೊಳಪು. ಮಗಳಿಗೆ ಹನ್ನೆರಡು ವರ್ಷ. ನಾಲ್ಕನೇ ಚಕ್ರಕ್ಕೆ ಬರುವಷ್ಟರಲ್ಲಿ ನಾನು ಹೇಳುವ ಮೊದಲೇ “ಅಮ್ಮಾ, ಈಗ ಗಟ್ಟಿ ಆಯ್ತು” ಅಂದಳು. ಪೆಡಲ್ ಗಟ್ಟಿಯಾದದ್ದು ಮೊದಲು ತಿಳಿದದ್ದು ಅವಳ ಕಾಲಿಗೆ.

ಹಿಂದಿನ ಕ್ಯಾಲಿಪರಿನ ಒಂದು ಪಿನ್ನು ಜಾಮ್ ಆಗಿತ್ತು. ಬಿಚ್ಚಿ, ತಿಕ್ಕಿ, ಗ್ರೀಸ್ ಹಚ್ಚಿ ಕೂರಿಸಿದೆ. ಕ್ಯಾಲಿಪರಿನ ಹಿಂದೆ ಒಂದು ಬೋಲ್ಟು, ಅದನ್ನು ಬಿಚ್ಚಿದರೆ ಒಳಗೆ ಅಲೆನ್ ಕೀ ಹಾಕುವ ಸಣ್ಣ ಸ್ಕ್ರೂ. ಪ್ಯಾಡು ಡಿಸ್ಕನ್ನು ಕಚ್ಚುವವರೆಗೆ ತಿರುಗಿಸಿ, ಮೂರನೇ ಒಂದು ಸುತ್ತು ವಾಪಸ್ ಬಿಡಬೇಕು. ಅದು ಸರಿ ಕೂತ ಮೇಲೆ ಹ್ಯಾಂಡ್‌ಬ್ರೇಕೂ ಸರಿಹೋಯಿತು.

ಮಾರ್ಚ್ 24, ಭಾನುವಾರ

ಟೈರಿನಲ್ಲಿ ಗೀರು ಆಳವಾಗಿಯೇ ಇತ್ತು. ಆದರೆ ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕಿ 3814. ಅಂದರೆ 2014ರ 38ನೇ ವಾರ ತಯಾರಾದದ್ದು. ರಬ್ಬರು ಒಣಗಿ ಹಲಗೆಯಾಗಿದೆ. ಅದೇ ಅಳತೆಯ ಹೊಸ 185/60 ಆರ್14 ಹಾಕಿಸಿ, ವೀಲ್ ಅಲೈನ್‌ಮೆಂಟಿನಲ್ಲಿ ಚಕ್ರದ ತಲೆ ಸ್ವಲ್ಪ ಒಳಕ್ಕೆ ವಾಲುವಂತೆ ಮಾಡಿಸಿದೆ.

ಕಾರು ಮಗುಚಿದರೆ ತಲೆ ಕಾಯುವ ರೋಲ್ ಬಾರ್ ಕೂತಿತು. ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂತೆ. ಮುಂದಿನ ಗಾಜಿನ ಚೌಕಟ್ಟಿನಿಂದ ರೋಲ್ ಬಾರಿನ ತುದಿಗೆ ಪೊರಕೆ ಕೋಲು ಅಡ್ಡ ಇಟ್ಟರೆ ತಲೆ ಅದರ ಕೆಳಗಿರಬೇಕು. ಮಗಳು ಕೋಲು ಹಿಡಿದು ನೋಡಿದಳು, ನಾಲ್ಕು ಬೆರಳು ಜಾಗ ಇತ್ತು. ಎತ್ತರದವರಿಗೆ ಸೀಟಿನ ಸ್ಪಂಜು ಕೊರೆಯಬೇಕಾಗುತ್ತದೆ.

ಟರ್ಬೋ ಹಾಕಿಸು ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಈ ಗಾಡಿಗೆ ಬೇಡ, ನನಗೂ ಬೇಡ. ಇರುವ ಶಕ್ತಿಯನ್ನೇ ಇನ್ನೂ ಪೂರ್ತಿ ಬಳಸಲು ಕಲಿತಿಲ್ಲ. ಆ ದುಡ್ಡಿನಲ್ಲಿ ಇಡೀ ದಿನಕ್ಕೆ ಒಬ್ಬ ಬೋಧಕರನ್ನು ಗೊತ್ತುಮಾಡಿದೆ.

ಏಪ್ರಿಲ್ 9, ಮಂಗಳವಾರ, ಯುಗಾದಿ

ಬೇವಿಲ್ಲದ ಊರಲ್ಲಿ ಹೇಗೋ ಬೇವು ಸಿಕ್ಕಿತು. ಸಂಜೆ ಖಾಲಿ ರಸ್ತೆಯಲ್ಲಿ ಹೊಸ ಪ್ಯಾಡುಗಳನ್ನು ಪಳಗಿಸಿದೆ: ವೇಗ ಹಿಡಿಯುವುದು, ಪೂರ್ತಿ ನಿಲ್ಲಿಸದೆ ಜೋರಾಗಿ ಇಳಿಸುವುದು, ಮತ್ತೆ ಹಿಡಿಯುವುದು, ಕೊನೆಗೆ ಬ್ರೇಕ್ ಮುಟ್ಟದೆ ಮೈಲುಗಟ್ಟಲೆ ಓಡಿಸಿ ಆರಿಸುವುದು. ರಸ್ತೆಯ ವಿಮೆ ಟ್ರ್ಯಾಕಿಗೆ ನಡೆಯುವುದಿಲ್ಲ, ಪಾಲಿಸಿಯಲ್ಲೇ ಬರೆದಿದೆ. ಒಂದು ದಿನದ ವಿಮೆ ಬೇರೆಯೇ ಮಾಡಿಸಿದೆ.

ಏಪ್ರಿಲ್ 26, ಶುಕ್ರವಾರ, ರಾತ್ರಿ

ಹಾಸನದಲ್ಲಿ ಇವತ್ತು ಲೋಕಸಭೆಗೆ ಮತದಾನ. ನಾನು ಎದ್ದಾಗ ಅಪ್ಪ ಆಗಲೇ ಓಟು ಹಾಕಿ ಬಂದು ಶಾಯಿ ಬೆರಳಿನ ಫೋಟೋ ಕಳಿಸಿದ್ದರು. ಕೆಳಗೆ ಒಂದೇ ಸಾಲು: ನಟ್ಟು ನೋಡ್ಕೊ.

ಸ್ನೆಟರ್ಟನ್ ಯುದ್ಧಕಾಲದಲ್ಲಿ ವಿಮಾನ ನಿಲ್ದಾಣವಾಗಿದ್ದ ಜಾಗ. ನಾರ್ಫೋಕಿನ ಬಯಲು ಗಾಳಿ, ತಡೆಯುವುದಕ್ಕೆ ಒಂದು ದಿಣ್ಣೆಯೂ ಇಲ್ಲ. ಮೊದಲು ಶಬ್ದ ಪರೀಕ್ಷೆ: ಎಂಜಿನ್ನನ್ನು ಮುಕ್ಕಾಲು ವೇಗದಲ್ಲಿ ಹಿಡಿದರೆ ಸೈಲೆನ್ಸರಿನಿಂದ ಅರ್ಧ ಮೀಟರ್ ದೂರದಲ್ಲಿ ಮೀಟರ್ ಹಿಡಿಯುತ್ತಾರೆ. ಆಮೇಲೆ ಎಲ್ಲರನ್ನೂ ಕೂರಿಸಿ ನಿಯಮ ಹೇಳಿದರು. ಇದು ರೇಸ್ ಅಲ್ಲ, ಸಮಯ ಅಳೆಯುವಂತಿಲ್ಲ, ಮುಂದಿನವರು ಜಾಗ ಕೊಡದೆ ಮುಂದೆ ಹೋಗುವಂತಿಲ್ಲ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ 110 ನ್ಯೂಟನ್ ಮೀಟರಿಗೆ ಬಿಗಿದು, ಮೊದಲ ಓಟ ಮುಗಿದ ಮೇಲೆ ಇನ್ನೊಮ್ಮೆ ನೋಡಿದೆ. ಒಂದು ತುಸು ತಿರುಗಿತು. ಟೈರಿನ ಗಾಳಿ ತಣ್ಣಗಿದ್ದಾಗ 26 ಇದ್ದದ್ದು 31ಕ್ಕೆ ಏರಿತ್ತು, ಎರಡು ಇಳಿಸಿದೆ.

ಟ್ರ್ಯಾಕ್ ಮೂರು ಮೈಲಿಗೆ ಸ್ವಲ್ಪ ಕಡಿಮೆ. ಬೆಂಟ್ಲಿ ಸ್ಟ್ರೇಟಿನಲ್ಲಿ ದೊಡ್ಡ ಕಾರುಗಳೆಲ್ಲ ನನ್ನನ್ನು ದಾಟಿ ಹೋದವು, ಜಾಗ ಬಿಟ್ಟೆ. ಬ್ರಂಡಲ್ ಬಂತು. ಮೊದಮೊದಲು ಹೆದರಿ ಬಹಳ ಮುಂಚೆಯೇ ತುಳಿಯುತ್ತಿದ್ದೆ. ಬೋಧಕರು ಅವಸರ ಮಾಡಲಿಲ್ಲ. ಕಾರು ನೇರ ಇರುವಾಗಲೇ ಒಮ್ಮೆಗೇ ಗಟ್ಟಿಯಾಗಿ ತುಳಿ, ತಿರುಗಿಸುತ್ತಾ ಮೆಲ್ಲಗೆ ಬಿಡು, ಕಣ್ಣು ಮುಂದಿನ ತಿರುವಿನ ಮೇಲಿರಲಿ, ಅಷ್ಟೇ ಹೇಳಿದರು. ಆರನೇ ಸುತ್ತಿಗೆ ಪೆಡಲ್ ಅದೇ ಎತ್ತರದಲ್ಲಿ, ಕಲ್ಲಿನ ಹಾಗೆ. ಹನ್ನೊಂದನೆಯದಕ್ಕೂ ಹಾಗೆಯೇ. ಬಾಂಬ್ ಹೋಲ್ ತಿರುವಿನಲ್ಲಿ ಇಳಿದು ಏರುವಾಗ ಹಿಂಭಾಗ ಒಂದಿಷ್ಟು ಜಾರಿ ತಾನೇ ಕೂತಿತು. ಜೋರಾಗಿ ಕೂಗಿಬಿಟ್ಟೆ, ಕನ್ನಡದಲ್ಲೇ.

ಪ್ರತಿ ಓಟದ ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ ತಣಿಸಿದೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ, ಗೇರಿನಲ್ಲೇ ಬಿಟ್ಟೆ. ಕಾದ ಡಿಸ್ಕನ್ನು ಪ್ಯಾಡು ಹಿಡಿದುಕೊಂಡು ಕೂರಬಾರದು. ಚಕ್ರದ ಹತ್ತಿರ ಬಗ್ಗಿ ಮೂಗಿಟ್ಟು ನೋಡಿದೆ. ಬಿಸಿ ಕಬ್ಬಿಣದ ವಾಸನೆ, ಸುಟ್ಟದ್ದಲ್ಲ.

ಏಪ್ರಿಲ್ 28, ಭಾನುವಾರ

ಚಕ್ರ ಬಿಚ್ಚಿ ನೋಡಿದೆ. ಮುಂದಿನ ಪ್ಯಾಡು ಮೂರು ಮಿಲಿಮೀಟರ್ ಸವೆದಿದೆ, ಇನ್ನೊಂದು ದಿನಕ್ಕೆ ಬರುತ್ತದೆ. ಎಂಜಿನ್ ಆಯಿಲ್ ಅರ್ಧ ಲೀಟರ್ ಇಳಿದಿತ್ತು, ಹಾಕಿದೆ. ರೇಡಿಯೇಟರಿನ ನೀರು ಗುರುತಿನ ಮಟ್ಟದಲ್ಲೇ ಇದೆ. ಅಪ್ಪನಿಗೆ ಫೋನ್ ಮಾಡಿದೆ. ಎಷ್ಟು ಜೋರಾಗಿ ಓಡಿಸಿದೆ ಅಂತ ಅವರು ಕೇಳಲಿಲ್ಲ. “ಪೆಡಲ್ ಹೆಂಗಿತ್ತಮ್ಮ?” ಅಂದರು. ಗಟ್ಟಿಯಾಗಿತ್ತು ಅಂದೆ.

ಬ್ರೇಕ್ ಆಯಿಲ್ ಮತ್ತೊಂದು ಲೀಟರ್ ತರಿಸಲು ಹಾಕಿದ್ದೇನೆ. ಮುಂದಿನ ಓಟದ ಹಿಂದಿನ ವಾರ ಪೂರ್ತಿ ಬದಲಾಯಿಸಬೇಕು.