ಹೊಸ್ತಿಲಲ್ಲಿ ಕುಳಿತವರು

ಆಷಾಢಮಾಸದ ಶುಕ್ರವಾರ ಬಂದಿತೆಂದರೆ ಮೈಸೂರಿನ ಸಿದ್ಧಾರ್ಥನಗರದವರಿಗೆ ಬೆಳಗಿನ ಜಾವದ ನಿದ್ರೆ ದುರ್ಲಭ. ಚಾಮುಂಡಿಬೆಟ್ಟಕ್ಕೆ ಹೊರಟ ಜನರ ಸದ್ದು ನಸುಕಿಗೆ ಮೊದಲೇ ಏಳುವುದು. ಅಂತಹ ಒಂದು ಮುಂಜಾನೆ ಅಲ್ಲಿಯ ಮನೆಯೊಂದರಲ್ಲಿ, ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ವೃದ್ಧರೊಬ್ಬರೂ ಅವರ ಮೊಮ್ಮಗಳೂ ಕಾಫಿಯ ಮುಂದೆ ಕುಳಿತಿದ್ದರು. ಮೊಮ್ಮಗಳು ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಸಂಶೋಧನೆ ಮಾಡುವವಳು. ಎರಡು ದಿನದ ರಜೆಯಲ್ಲಿ ಬಂದಿದ್ದಳು. ಮನಸ್ಸು ಮಾತ್ರ ಅವಳೊಡನೆ ಬಂದಿರಲಿಲ್ಲ. ಎಂಟು ತಿಂಗಳು ಶ್ರಮಿಸಿ ಸಿದ್ಧಪಡಿಸಿದ ಪೆಲ್ಲೇಡಿಯಂ ಪೊರೆಯ ಮೂಲಕ ಹರಿಯುತ್ತಿದ್ದ ಜಲಜನಕವು ಹಿಂದಿನ ದಿನ ಅರ್ಧಕ್ಕಿಳಿದಿತ್ತು.

"ಜರಡಿಯ ಕಣ್ಣು ಕಟ್ಟಿರಬೇಕು, ಮಗೂ" ಎಂದರು ತಾತ, ಕಾಫಿಯ ಫಿಲ್ಟರನ್ನು ತೋರಿಸಿ.

"ಅದು ಜರಡಿಯಲ್ಲ ತಾತ. ಅದಕ್ಕೆ ಕಣ್ಣೇ ಇಲ್ಲ."

ಅವಳ ಮಾತು ನಿಜ. ಪೆಲ್ಲೇಡಿಯಂ ಲೋಹವು ತನ್ನ ಗಾತ್ರದ ನೂರಾರು ಪಾಲು ಜಲಜನಕವನ್ನು ಹೀರಿಕೊಳ್ಳುವುದೆಂದು ಥಾಮಸ್ ಗ್ರಹಾಂ 1866ರಲ್ಲಿಯೇ ತೋರಿಸಿದನು. ಜಲಜನಕದ ಅಣುವೆಂದರೆ ಎರಡು ಪರಮಾಣುಗಳ ಜೋಡಿ. ಲೋಹದ ಮೈಯನ್ನು ಮುಟ್ಟಿದಾಗ ಆ ಜೋಡಿ ಬಿಡುವುದು; ಒಂಟಿ ಪರಮಾಣುಗಳು ಒಳಗೆ ಕರಗಿ, ಸಾಗಿ, ಆಚೆಯ ಮೈಯಲ್ಲಿ ಪುನಃ ಜೋಡಿಯಾಗಿ ಹೊರಬೀಳುವುವು. ಒತ್ತಡವನ್ನು ನಾಲ್ಮಡಿ ಮಾಡಿದರೆ ಕರಗುವ ಪ್ರಮಾಣ ಇಮ್ಮಡಿ ಮಾತ್ರ ಆಗುವುದೇ ಈ ಅಗಲಿಕೆಗೆ ಸಾಕ್ಷಿ. ಬೇರೆ ಅನಿಲಗಳು ಹೀಗೆ ಹಾದುಹೋಗಲಾರವು. ಬಿರುಕಿಲ್ಲದ ಪೊರೆಯ ಆಚೆಗೆ ದೊರೆಯುವುದು ಶುದ್ಧ ಜಲಜನಕ. ಬರಿಯ ಪೆಲ್ಲೇಡಿಯಂ ಸುಮಾರು 300 ಡಿಗ್ರಿಗಿಂತ ಕಡಮೆ ಉಷ್ಣದಲ್ಲಿ ಜಲಜನಕವನ್ನುಂಡು ಉಬ್ಬಿ ಬಿರುಕುಬಿಡುವುದರಿಂದ, ನೂರಕ್ಕೆ 23ರಷ್ಟು ಬೆಳ್ಳಿ ಬೆರೆಸುವುದುಂಟು.

ಇಷ್ಟು ಶುದ್ಧಿ ಯಾರಿಗೆ ಬೇಕು? ವಾಹನವನ್ನೋಡಿಸುವ ಇಂಧನಕೋಶಕ್ಕೆ ಬೇಕು. ಅದಕ್ಕೆ ಕೊಡುವ ಜಲಜನಕದಲ್ಲಿ ಕಾರ್ಬನ್ ಮಾನಾಕ್ಸೈಡು ಹತ್ತು ಲಕ್ಷಕ್ಕೆ 0.2 ಪಾಲನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಮಾನಕವಿದೆ. ಸೌದೆಯಂತಹ ಜೈವಿಕ ಪದಾರ್ಥವನ್ನು ಆಮ್ಲಜನಕ ಮತ್ತು ನೀರಾವಿಗಳೊಡನೆ ಕಾಯಿಸಿ, ಒಂದು ಕಿಲೋಗ್ರಾಂನಿಂದ 100 ಗ್ರಾಂ ಜಲಜನಕ ಪಡೆಯುವ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದರು. ಅವರು ಅದನ್ನು ಬೇರ್ಪಡಿಸುವ ಕ್ರಮ ಬೇರೆ; ಆದರೆ ಸೌದೆಯಿಂದ ಹುಟ್ಟಿದ ಅನಿಲವು ಎಲ್ಲಿಯೂ ಒಂಟಿಯಾಗಿ ಬರುವುದಿಲ್ಲ. ಮೊಮ್ಮಗಳ ಪೊರೆಗೆ ಉಣಿಸಿದುದೂ ಅಂತಹ ಮಿಶ್ರಣವನ್ನೇ.

"ಒಳಗೇ ಹೋಗಲಾರದವು ಕೆಡಿಸುವುದು ಹೇಗೆ?" ಎಂದು ತಾತ ಕೇಳಿದರು. ಮೇಷ್ಟರ ಪ್ರಶ್ನೆ, ಕೇಳಬೇಕಾದುದೂ ಅದೇ.

ಅವಳು ಬೀದಿಯತ್ತ ನೋಡಿದಳು. ಬೆಟ್ಟದ ಗುಡಿಗೆ ನೂಕುನುಗ್ಗಲಿದ್ದಾಗ ದರ್ಶನ ತಡವಾಗುವುದಷ್ಟೆ? ಸಾರಜನಕದ ಕೆಲಸ ಅಷ್ಟೇ. ಅದು ಪೊರೆಯ ಮುಂದೆ ಗುಂಪುಗೂಡಿ ಜಲಜನಕದ ಪಾಲಿನ ಒತ್ತಡವನ್ನು ಕುಗ್ಗಿಸುವುದೇ ಹೊರತು ಲೋಹವನ್ನು ನೋಯಿಸದು. ಕಾರ್ಬನ್ ಮಾನಾಕ್ಸೈಡು ಹಾಗಲ್ಲ. ಜಲಜನಕದ ಜೋಡಿ ಬಿಡಬೇಕಾದ ಹೊಸ್ತಿಲಿನ ಮೇಲೆಯೇ ಕುಳಿತುಬಿಡುವುದು. ಉಷ್ಣ ಕಡಮೆಯಾದಷ್ಟೂ ಗಟ್ಟಿಯಾಗಿ ಕೂರುವುದು; 400 ಡಿಗ್ರಿಗೆ ಕಾಯಿಸಿದರೆ ಬಹುಮಟ್ಟಿಗೆ ಎದ್ದುಹೋಗುವುದು. ಇವೆರಡಕ್ಕಿಂತ ಭೀಕರವಾದುದು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡು. ಅದರ ಗಂಧಕವು ಲೋಹದೊಡನೆ ಕೂಡಿ ಬಾಗಿಲನ್ನೇ ಬೇರೊಂದು ವಸ್ತುವನ್ನಾಗಿ ಮಾಡುವುದು.

"ನಿನ್ನದು ಯಾವುದು?"

"ಮೊದಲ ಗಂಟೆಯಲ್ಲಿಯೇ ಥಟ್ಟನೆ ಇಳಿಯಿತು, ಆಮೇಲೆಯೂ ನಿಧಾನವಾಗಿ ಇಳಿಯುತ್ತ ಹೋಯಿತು. ಅಷ್ಟೇ ಸಾರಜನಕವನ್ನು ಬೆರೆಸಿದ್ದಾಗ ಇಷ್ಟು ಇಳಿದಿರಲಿಲ್ಲ."

ರಾತ್ರಿಯೇ ಅವಳು ಜೊತೆಗಾರನಿಗೆ ಫೋನು ಮಾಡಿ, ಮಿಶ್ರಣವನ್ನು ನಿಲ್ಲಿಸಿ, 400 ಡಿಗ್ರಿಯಲ್ಲಿ ಶುದ್ಧ ಜಲಜನಕವನ್ನು ಹಾಯಿಸುವಂತೆ ಹೇಳಿದ್ದಳು. ಎಂಟು ಗಂಟೆಯ ಹೊತ್ತಿಗೆ ಉತ್ತರ ಬಂದಿತು. ಮೊದಲಿನ ಹರಿವಿನ ಎಂಟರಲ್ಲಿ ಏಳು ಪಾಲು ಹಿಂದಿರುಗಿತ್ತು. ಆಕೆಯ ಮುಖ ಅರಳಿ, ಮರುಕ್ಷಣವೇ ಬಾಡಿತು.

"ಉಳಿದ ಒಂದು ಪಾಲು?" ಎಂದರು ತಾತ.

"ಗಂಧಕವೇ ಇರಬೇಕು. ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಹೊರತು ತಿಳಿಯದು. ಕತ್ತರಿಸಿದರೆ ಪೊರೆ ಉಳಿಯದು."

ತಾತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ತಾಮ್ರ ಬೆರೆಸಿ ನೋಡಿದ್ದೀಯಾ ಎಂದು ಕೇಳಿದರು. ತಾಮ್ರದ ಮಿಶ್ರಲೋಹ ಗಂಧಕವನ್ನು ಹೆಚ್ಚು ತಾಳುವುದೆಂದೂ, ಆದರೆ ಹಾಗೆ ತಾಳುವ ಬೆರಕೆಯಲ್ಲಿ ಜಲಜನಕದ ಹರಿವು ಕಡಮೆಯೆಂದೂ ಅವಳು ಹೇಳಿದಳು. ಮಧ್ಯಾಹ್ನದ ಬಸ್ಸಿಗೆ ಹೊರಡುವವಳು ಸಂಜೆಯವರೆಗೂ ಹೊರಡಲಿಲ್ಲ. ಕ್ಯಾಲೆಂಡರಿನ ಹಾಳೆಯೊಂದರ ಬೆನ್ನಮೇಲೆ ಇಬ್ಬರೂ ಬೆಳ್ಳಿತಾಮ್ರಗಳ ಲೆಕ್ಕ ಹಾಕುತ್ತ ಕುಳಿತಿದ್ದರು.